ಮೂರನೇ ಚರಣದ ಬಿಕ್ಕು

ಆರ್ವಿಲ್ ಟ್ಯಾಕೆಟ್ ಯಾವ ಹೋಟೆಲಿಗೆ ಕಾಲಿಟ್ಟರೂ ಮೊದಲು ನೋಡುತ್ತಿದ್ದದ್ದು ಜೂಕ್‌ಬಾಕ್ಸ್ ಎಲ್ಲಿದೆ ಅಂತ. ಮೂಲೆಯಲ್ಲಿ ಆ ಕಾಸು ನುಂಗುವ ಹಾಡಿನ ಪೆಟ್ಟಿಗೆ ಕಂಡಿತೋ, ಹಸಿವು ಎಷ್ಟೇ ಇರಲಿ, ಟೋಪಿ ತಲೆಗೇರಿಸಿಕೊಂಡು ವಾಪಸ್. ಹಾಡಿನ ಪೇಟೆ ನ್ಯಾಶ್‌ವಿಲ್ಲಿನಂಥ ಊರಲ್ಲಿ ಜೂಕ್‌ಬಾಕ್ಸ್ ಇಲ್ಲದ ಹೋಟೆಲು ಹುಡುಕುವುದು ಹುಡುಗಾಟದ ಮಾತಲ್ಲ. ಹೀಗಾಗಿ ಮನುಷ್ಯ ಹದಿನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಮನೆಯಲ್ಲೇ ಮೊಟ್ಟೆ ಕರಿದುಕೊಂಡು ತಿನ್ನುತ್ತಿದ್ದ.

ಅವನಿಗೆ ಹೆದರಿಕೆ ಇದ್ದದ್ದು ಅವನದೇ ಹಾಡಿಗೆ. 'ಇಗೋ ಬಂದೆ' ಅಂತ ಅದರ ಹೆಸರು. ಬರೆದವನು ಇವನು, ಹಾಡಿ ಹೆಸರು ಮಾಡಿದವನು ಲೇನ್ ಪರ್ವಿಸ್. ಲಾರಿ ಓಡಿಸುವವನೊಬ್ಬ ಊರೂರಿಂದ ಹೆಂಡತಿಗೆ ಫೋನು ಮಾಡಿ, ಇಗೋ ಬಂದೆ, ಇನ್ನೊಂದೇ ಊರು, ಇಗೋ ಬಂದೆ ಅನ್ನುತ್ತಲೇ ಇರುವ ಹಾಡು. ಎರಡು ನಿಮಿಷ ನಲವತ್ತು ಸೆಕೆಂಡು. ಮೂರನೇ ಚರಣದಲ್ಲಿ 'ಇಗೋ' ಆದಮೇಲೆ, 'ಬಂದೆ' ಅನ್ನುವುದಕ್ಕೆ ಮೊದಲು, ದನಿ ಒಂದು ಸಲ ಬಿಕ್ಕುತ್ತದೆ. ಜನ ಮರುಳಾದದ್ದು ಆ ಬಿಕ್ಕಿಗೆ. ಪೆಟ್ರೋಲ್ ಹಾಕುವವನು ಅದನ್ನೇ ಬಿಕ್ಕುತ್ತಾನೆ, ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಾ ಅದನ್ನೇ ಬಿಕ್ಕುತ್ತಾನೆ. ಒಮ್ಮೆ ಬ್ಯಾಂಕಿನಲ್ಲಿ ಮುಂದೆ ನಿಂತಿದ್ದ ಹೆಂಗಸು ಸೊಂಟದ ಮೇಲಿನ ಕೂಸಿಗೆ ಜೋಗುಳ ಹಾಡುತ್ತಾ ಸರಿಯಾಗಿ ಅದೇ ಜಾಗದಲ್ಲಿ ಬಿಕ್ಕಿದಳು. ಆರ್ವಿಲ್ ಹಣ ತೆಗೆಯುವ ಚೀಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟಿದ್ದ.

ಹಾಗೆ ನೋಡಿದರೆ ಬಿಕ್ಕುವುದು ಅವನಿಗೆ ಹೊಸದಲ್ಲ. ಒಂದು ಕಾಲಕ್ಕೆ ಅವನ ಹೊಟ್ಟೆಪಾಡೇ ಅದು. ಅರ್ಕಾನ್ಸಾದ ಹತ್ತಿ ಹೊಲದಿಂದ ಬಂದ ಹುಡುಗ, ರಾಕಬಿಲಿ ಅನ್ನುವ ಹುಚ್ಚು ಹೊತ್ತಿಕೊಂಡ ದಿನಗಳು. ಹಳ್ಳಿ ಹಾಡಿಗೆ ಕಪ್ಪು ಜನರ ತಾಳ ಸೇರಿಸಿ, ಆಳೆತ್ತರದ ಬೇಸ್ ಪಿಟೀಲಿನ ತಂತಿಯನ್ನು ಕೈಯಿಂದ ಬಡಿದು, ಪದ ಪದಕ್ಕೂ ಬಿಕ್ಕಳಿಸಿ ಹಾಡಿದರೆ ಹುಡುಗಿಯರು ಚೀರುತ್ತಿದ್ದರು. ಐವತ್ತಾರನೇ ಇಸವಿಯಲ್ಲಿ ಆರ್ವಿಲ್ಲನದೂ ಒಂದು ಗ್ರಾಮಫೋನ್ ಪ್ಲೇಟು ಬಂತು. ತಲೆಗೆ ಎಣ್ಣೆ, ಕಾಲಿಗೆ ಕೆಂಪು ಬೂಟು. ಎರಡು ವರ್ಷ ರಸ್ತೆ ಬದಿಯ ಕುಡಿತದ ಮನೆಗಳಲ್ಲಿ ಬಿಕ್ಕಿದ್ದೇ ಬಿಕ್ಕಿದ್ದು. ಆಮೇಲೆ ಹುಚ್ಚು ಇಳಿಯಿತು, ಜನ ಬೇರೆ ಹಾಡಿಗೆ ಹೋದರು, ಇವನು ಕೆಂಪು ಬೂಟು ಹಾಕಿಕೊಂಡು ರಸ್ತೆಯಲ್ಲಿ ನಿಂತ. ಹೆಂಡತಿ ಮೊಜೆಲ್ ಹೇಳಿದಳು: "ನಿನ್ ಗಂಟಲಿಗಿಂತ ನಿನ್ ಪೆನ್ಸಿಲ್ ವಾಸಿ ಕಣೋ. ಬರಿ." ಅವಳ ಮಾತು ಕೇಳಿ ಬರೆದ. ಬದುಕಿಕೊಂಡ.

ಹಾಡು ಬರೆಯುವವರ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಹಾಡನ್ನು ಕಾಗದದಲ್ಲಿ ಕೊಟ್ಟರೆ ಯಾವ ಗಾಯಕನೂ ತಿರುಗಿ ನೋಡುವುದಿಲ್ಲ. ಅಗ್ಗದ ಸ್ಟುಡಿಯೋದಲ್ಲಿ ತಾನೇ ಹಾಡಿ, ಡೆಮೋ ಅಂತ ಒಂದು ಟೇಪು ಮಾಡಿ ಕಳಿಸಬೇಕು. ದೊಡ್ಡ ಗಾಯಕರು ಅದನ್ನು ಕಾರಿನಲ್ಲಿ ಹತ್ತು ಸಲ ಕೇಳಿ, ಉಸಿರು ತೆಗೆದುಕೊಳ್ಳುವ ಜಾಗ ಸಮೇತ ಕಲಿತು, ಹಾಗೇ ಒಪ್ಪಿಸುತ್ತಾರೆ. ಕೆಮ್ಮಿದ್ದರೆ ಕೆಮ್ಮನ್ನೂ ಕಲಿಯುವ ಜಾತಿ ಅವರದು. ಲೇನ್ ಪರ್ವಿಸ್ ಬಿಕ್ಕನ್ನು ಕಲಿತದ್ದು ಆರ್ವಿಲ್ಲನ ಡೆಮೋದಿಂದ. ಪೇಟೆಯವರೆಲ್ಲ ಅದನ್ನು ರಾಕಬಿಲಿಯ ಹಳೇ ವಿದ್ಯೆ ಅಂದುಕೊಂಡರು.

ಅದು ವಿದ್ಯೆಯಾಗಿರಲಿಲ್ಲ. ಅರವತ್ತೆರಡರ ಅಕ್ಟೋಬರಿನಲ್ಲಿ ಆ ಡೆಮೋ ಹಾಡಿದ ದಿನ ಮೊಜೆಲ್ ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಳು. ಅವಳ ತಾಯಿ ಆಸೀ ಗ್ಲಾಡನ್ ಅರ್ಕಾನ್ಸಾದಿಂದ ಬಂದು ಮಗಳ ಪಕ್ಕ ಕೂತಿದ್ದಳು. ಆರು ವರ್ಷದ ಮಗಳು ರೆಟಾಳನ್ನು ಆರ್ವಿಲ್ ಸ್ಟುಡಿಯೋಗೆ ಕರೆತಂದು, ಒಂದು ಮೂಲೆಯಲ್ಲಿ ಬಣ್ಣದ ಕಡ್ಡಿ ಕೊಟ್ಟು ಕೂರಿಸಿದ್ದ. ಹಾಡು ಮೂರನೇ ಚರಣಕ್ಕೆ ಬಂದಾಗ ಗಾಜಿನ ಆಚೆ ಸ್ಟುಡಿಯೋ ಆಫೀಸಿನ ಯೂನಿಸ್ ಬಂದು ನಿಂತಳು. ಕೈಯಲ್ಲೊಂದು ಚೀಟಿ. ಅವಳ ಮುಖ ನೋಡಿದ್ದೇ ಅವನಿಗೆ ತಿಳಿಯಿತು, 'ಇಗೋ' ಅಂದವನು ಬಿಕ್ಕಿದ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕೆಂಪು ದೀಪ ಉರಿಯುವಾಗ ಯಾರೂ ಒಳಗೆ ಬರುವುದಿಲ್ಲ, ಯಾರೂ ಹಾಡು ನಿಲ್ಲಿಸುವುದಿಲ್ಲ. ಹಾಡು ಮುಗಿಸಿ, ಮಗುವನ್ನೆತ್ತಿಕೊಂಡು ಓಡಿದ. ಆಸ್ಪತ್ರೆಯಲ್ಲಿ ನರ್ಸು, "ಈಗ ತಾನೇ ಹೋಗಿಬಿಟ್ರು... ಐದು ನಿಮಿಷವೂ ಆಗಿಲ್ಲ" ಅಂದಳು.

ಇದು ಆರ್ವಿಲ್ ತನಗೆ ತಾನೇ ಹದಿನಾಲ್ಕು ವರ್ಷ ಹೇಳಿಕೊಂಡ ಕಥೆ. ದೀಪ ಉರಿಯುತ್ತಿತ್ತು, ಟೇಪು ಓಡುತ್ತಿತ್ತು, ಕಸುಬಿನ ನಿಯಮ, ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು. ಎಷ್ಟು ಸಲ ಹೇಳಿಕೊಂಡರೂ ಬಿಕ್ಕು ಮಾತ್ರ ಅವನನ್ನು ಬಿಡಲಿಲ್ಲ. ತನ್ನ ಎದೆ ಒಡೆದ ಸದ್ದನ್ನು ಊರಿನ ಪ್ರತಿ ಬಾಯಿಯೂ ಚಪ್ಪರಿಸುತ್ತಿತ್ತು.

ಅದರ ಜೊತೆಗೆ ಇನ್ನೊಂದು ಕಾಟ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆಗೀಗ, ಫ್ರಿಜ್ಜಿನ ಗುಂಯ್‌ಗುಡುವಿಕೆಯಲ್ಲೋ, ಟಾರು ರಸ್ತೆಯ ಮೇಲೆ ಚಕ್ರ ಉರುಳುವ ಸದ್ದಿನಲ್ಲೋ, ಯಾರೋ ಗಂಡಸು ಅದೇ ಹಾಡನ್ನು ಬಿಕ್ಕೇ ಇಲ್ಲದೆ ಹಾಡುತ್ತಿದ್ದ. ಮೂರನೇ ಚರಣ ಎಣ್ಣೆ ಸವರಿದ ಹಾಗೆ ಜಾರಿಹೋಗುತ್ತಿತ್ತು. ಪರ್ವಿಸನ ದನಿ ಅಲ್ಲ. ಯಾರದು ಅಂತ ಕಿವಿ ಕೊಟ್ಟರೆ ನಿಂತುಬಿಡುತ್ತಿತ್ತು. ಆ ದನಿಯಲ್ಲಿ ದುಃಖದ ಲವಲೇಶವೂ ಇರಲಿಲ್ಲ. ಅದಕ್ಕೇ ಆರ್ವಿಲ್ಲನಿಗೆ ಮೈ ಜುಮ್ಮೆನ್ನುತ್ತಿತ್ತು.

ಎಪ್ಪತ್ತಾರನೇ ಇಸವಿಯ ಮೇ ತಿಂಗಳಲ್ಲಿ ಹಳೇ ಸ್ಟುಡಿಯೋ ಆಫೀಸು ಕೆಡವುತ್ತಾರೆ ಅಂತಾಯಿತು. ಒಂದು ಶುಕ್ರವಾರ ಮಧ್ಯಾಹ್ನ ಯೂನಿಸ್ ಅವನ ಮನೆಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ತಗೋ. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ," ಅಂತ ಟೇಪಿನ ಒಂದು ಚಪ್ಪಟೆ ರಟ್ಟಿನ ಡಬ್ಬಿ ಕೊಟ್ಟಳು. ಮೇಲೆ ಪೆನ್ಸಿಲ್ಲಿನಲ್ಲಿ ಹಾಡಿನ ಹೆಸರು, ತಾರೀಕು.

"ಇದು ನನಗ್ಯಾಕೆ ಯೂನಿಸಕ್ಕ?"

"ಕೇಳ್ಬೇಕು ಅನ್ಸಿದ್ರೆ ಒಬ್ಬನೇ ಇದ್ದಾಗ ಕೇಳು. ಅನ್ನಿಸ್ಲಿಲ್ಲಾಂದ್ರೆ ಒಲೆಗೆ ಹಾಕು. ನಾನು ಕಾಫಿಗೆಲ್ಲ ನಿಲ್ಲೋದಿಲ್ಲ, ಹೊರಟೆ," ಅಂದವಳು ನಿಜಕ್ಕೂ ಹೊರಟೇಹೋದಳು.

ಅಡುಗೆಮನೆಯ ಮೇಜಿನ ಮೇಲೆ ಟೇಪಿನ ಯಂತ್ರ ಇಟ್ಟು ಆರ್ವಿಲ್ ಕೇಳಿದ. ಬಿಕ್ಕು ಬಂತು. ಹಾಡು ಮುಗಿಯಿತು. ಅಷ್ಟಕ್ಕೇ ಟೇಪು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬಾಗಿಲು ತೆರೆದ ಸದ್ದು. ಹದಿನಾಲ್ಕು ವರ್ಷದ ಹಿಂದಿನ ಯೂನಿಸಳ ದನಿ: "ಆರ್ವಿಲ್, ಆಸ್ಪತ್ರೆಯಿಂದ ಫೋನು. ನಿನ್ನೇ ಕೇಳ್ತಿದ್ದಾಳಂತೆ. ಈಗಲೇ ಬರ್ಬೇಕಂತೆ."

"ಇಗೋ ಬಂದೆ," ಅಂದಿತು ಅವನದೇ ದನಿ.

ಆಮೇಲೆ ರೆಕಾರ್ಡಿಂಗ್ ಮಾಡುವ ಡಬ್ ಅನ್ನುವವನ ದನಿ: "ಹಾಡು ಸಿಕ್ತು ಮಾರಾಯ, ನಡಿ ನೀನು."

"ಇಲ್ಲ ಡಬ್. ಮೂರನೇ ಚರಣ ಕೆಟ್ಟುಹೋಯ್ತು. ಇನ್ನೊಂದೇ ಒಂದು ಸಲ. ಎರಡು ನಿಮಿಷ ಅಷ್ಟೇ ಅಲ್ವಾ? ದೀಪ ಹಾಕು."

ಗಿಟಾರು ಶುರುವಾಯಿತು. ಫ್ರಿಜ್ಜಿನಲ್ಲಿ, ಚಕ್ರದ ಸದ್ದಿನಲ್ಲಿ ಹಾಡುತ್ತಿದ್ದ ಆ ಗಂಡಸು ಟೇಪಿನೊಳಗಿಂದ ಬಿಕ್ಕಿಲ್ಲದೆ, ಚೊಕ್ಕವಾಗಿ, ನೀಟಾಗಿ ಹಾಡತೊಡಗಿದ. ಹೆಂಡತಿ ಕರೆಯುತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಹಾಡಿದ ಹಾಡು. ಪರ್ವಿಸನಿಗೆ ಡಬ್ ಕಳಿಸಿದ್ದು ಮಾತ್ರ ಬಿಕ್ಕಿದ್ದ ಮೊದಲನೆಯದನ್ನೇ. ಆರ್ವಿಲ್ ಎರಡನೇ ಚರಣಕ್ಕೇ ಯಂತ್ರ ಆರಿಸಿದ. ಅವನಿಗೆ ಇದು ನೆನಪೇ ಇರಲಿಲ್ಲ. ಸುಳ್ಳಲ್ಲ, ನಿಜವಾಗಿಯೂ ಇರಲಿಲ್ಲ. ಮನುಷ್ಯ ತನ್ನನ್ನು ಕಾಪಾಡಿಕೊಳ್ಳುವುದರಲ್ಲಿ ಎಷ್ಟು ಗಟ್ಟಿಗ ನೋಡಿ. ಚಿಕ್ಕ ತಪ್ಪನ್ನು ಎದೆಯ ಮೇಲೆ ಇಟ್ಟುಕೊಂಡು ಹದಿನಾಲ್ಕು ವರ್ಷ ಅತ್ತ, ದೊಡ್ಡದನ್ನು ಕೆಳಗೆ ಹೂತುಬಿಟ್ಟಿದ್ದ.

ಭಾನುವಾರ ಸಮಾಧಿ ಅಲಂಕಾರದ ದಿನ. ಮೇ ತಿಂಗಳಲ್ಲಿ ಒಂದು ದಿನ ನೆಂಟರೆಲ್ಲ ಊರ ಚರ್ಚಿಗೆ ಬಂದು, ಸತ್ತವರ ಗೋರಿಯ ಕಳೆ ಕಿತ್ತು, ಹೂವಿಟ್ಟು, ಆಮೇಲೆ ಅಲ್ಲೇ ಮರದಡಿ ಹಲಗೆ ಹಾಸಿ ಒಟ್ಟಿಗೆ ಉಣ್ಣುತ್ತಾರೆ. ಮೊಜೆಲ್ಲಳನ್ನು ಮಣ್ಣು ಮಾಡಿದ ಅರ್ಕಾನ್ಸಾದ ಊರಿಗೆ ಆರ್ವಿಲ್ ಮತ್ತು ರೆಟಾ ಪ್ರತಿ ವರ್ಷ ತಪ್ಪದೆ ಹೋಗುತ್ತಿದ್ದರು. ರೆಟಾಗೆ ಈಗ ಇಪ್ಪತ್ತು. ಟೆಲಿಫೋನ್ ಕಚೇರಿಯಲ್ಲಿ ಕೆಲಸ. ಮೊಜೆಲ್ಲಳ ಕಣ್ಣು, ಆರ್ವಿಲ್ಲನ ಕಿವಿ, ಎರಡೂ ಬಂದಿದ್ದವು. ಆದರೆ ಆರನೇ ವಯಸ್ಸಿನಿಂದೀಚೆಗೆ ಹುಡುಗಿ ಒಂದು ಸಾಲು ಹಾಡಿದವಳಲ್ಲ. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಅಪ್ಪನ ಹಾಡು ರೇಡಿಯೋದಲ್ಲಿ ಬಂದರೆ ಎದ್ದುಹೋಗುತ್ತಿದ್ದಳು. ತನ್ನ ಮೇಲಿನ ಸಿಟ್ಟಿಗೆ ಹಾಗೆ ಮಾಡುತ್ತಾಳೆ ಅಂತ ಆರ್ವಿಲ್ ಅಂದುಕೊಂಡಿದ್ದ.

ಕಾರಿನ ಡಿಕ್ಕಿಯಲ್ಲಿ ಹೂವಿನ ಬುಟ್ಟಿಯ ಕೆಳಗೆ ಆ ಡಬ್ಬಿ ಇತ್ತು. ಮೊಜೆಲ್ಲಳ ಗೋರಿಯ ಪಕ್ಕ ಹೂತುಬಿಡುವುದು ಅವನ ಲೆಕ್ಕಾಚಾರ.

ಚರ್ಚಿನ ಅಂಗಳದಲ್ಲಿ ಆಗಲೇ ಗದ್ದಲ. ಆಸೀ ಗ್ಲಾಡನ್ ಎಪ್ಪತ್ತೆಂಟರಲ್ಲೂ ನೆಟ್ಟಗೆ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ಅಳಿಯನ ಕೆನ್ನೆ ಹಿಂಡಿ, "ಏನೋ ಇಷ್ಟು ಸೊರಗಿದ್ದೀಯ? ಹಾಡು ಹೊಟ್ಟೆ ತುಂಬ್ಸುತ್ತೇನೋ? ಕೋಳಿ ಎದೆಭಾಗ ನಿನಗೆ ಅಂತ ತೆಗೆದಿಟ್ಟಿದ್ದೀನಿ, ಬೇರೆಯವರು ಮುಟ್ಟಿದ್ರೆ ಕೈ ಮುರೀತೀನಿ," ಅಂದಳು. ಬೇರೆ ಮೊಮ್ಮಕ್ಕಳನ್ನೆಲ್ಲ ಎಳೆದೆಳೆದು ಮುತ್ತಿಟ್ಟಳು. ರೆಟಾಳ ಕಡೆ ತಿರುಗಿ, "ಬಂದ್ಯಾ? ಹೂವು ಆ ಕಡೆ ಇಡು," ಅಂದಳು. ಪ್ರತಿ ವರ್ಷ ಹೀಗೇ. ಸತ್ತ ಮಗಳ ಕಣ್ಣು ನೋಡಲಾರದೆ ಮುದುಕಿ ಮುಖ ತಿರುಗಿಸುತ್ತಾಳೆ ಅಂತ ಆರ್ವಿಲ್ ಅದಕ್ಕೂ ಒಂದು ಕಾರಣ ಹುಡುಕಿ ಇಟ್ಟುಕೊಂಡಿದ್ದ.

ಊಟಕ್ಕೆ ಕರೆ ಬಂದು ಜನ ಮರದಡಿಗೆ ಸರಿದ ಮೇಲೆ ಅವನು ಗೋರಿಯ ಪಕ್ಕ ಮಂಡಿಯೂರಿ ಮಣ್ಣು ಅಗೆಯತೊಡಗಿದ. ಬೆನ್ನ ಹಿಂದೆ ರೆಟಾ.

"ಏನಪ್ಪಾ ಅದು?"

"ಏನಿಲ್ಲ ಪುಟ್ಟಿ. ಹಳೇದು."

ಅವಳು ಬಗ್ಗಿ ಡಬ್ಬಿಯ ಮೇಲಿನ ತಾರೀಕು ಓದಿದಳು. ಓದಿ, ಹುಲ್ಲಿನ ಮೇಲೆ ಕೂತಳು.

"ಹೂತುಬಿಡು," ಅಂದಳು. "ಒಳ್ಳೇದೇ ಆಯ್ತು. ಅದರಲ್ಲಿ ನನ್ ದನಿ ಇರುತ್ತೆ ಅಂತ ನನಗೆ ದಿನಾ ಭಯ ಅಪ್ಪಾ. ಯಾರಾದ್ರೂ ಒಂದಿನ ಹಾಕ್ತಾರೆ, ಎಲ್ರೂ ಕೇಳ್ತಾರೆ ಅಂತ."

"ನಿನ್ ದನಿ? ಯಾಕೆ?"

"ನಾನ್ ತಾನೇ ನಿನ್ನ ತಡೆದಿದ್ದು. ಇನ್ನೊಂದ್ಸಲ ಹಾಡು ಅಂತ ಹಠ ಮಾಡಿದ್ದು ನಾನು. ಅದಕ್ಕೇ ಲೇಟಾಗಿದ್ದು. ಅಮ್ಮ ಬಾಗಿಲು ನೋಡ್ತಾ ನೋಡ್ತಾ ಹೋಗಿದ್ದು."

ಆರ್ವಿಲ್ಲನ ಕೈಯಲ್ಲಿದ್ದ ಕರಣೆ ಹಾಗೇ ನಿಂತಿತು. "ಯಾರು ಹೇಳಿದ್ರು ನಿನಗೆ ಇದನ್ನ?"

"ನೀನೇ," ಅಂದಳು ರೆಟಾ ಆಶ್ಚರ್ಯದಿಂದ. "ಆಸ್ಪತ್ರೆ ವರಾಂಡದಲ್ಲಿ. ಎಲ್ಲಿ ಹಾಳಾಗಿಹೋಗಿದ್ದೆ ಇಷ್ಟೊತ್ತು ಅಂತ ಅಜ್ಜಿ ನಿನ್ನ ಅಂಗಿ ಹಿಡ್ಕೊಂಡು ಕೇಳಿದ್ಲು. ನೀನು, ಮಗು ಇನ್ನೊಂದ್ಸಲ ಹಾಡು ಅಂತ ಹಠ ಹಿಡೀತು ಅತ್ತೆ ಅಂದೆ. ನಾನು ನಿನ್ ಕೈ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ನೀನು ಆಮೇಲೆ ಒಂದ್ ದಿನಾನೂ ನನ್ನ ಬೈಲಿಲ್ಲ. ಅದಕ್ಕೇ ಇನ್ನೂ ಸಂಕಟ ಆಗ್ತಿತ್ತು."

ಆ ವರಾಂಡ, ಮುದುಕಿಯ ಮುಷ್ಟಿಯಲ್ಲಿ ಅವನ ಅಂಗಿ, ಫಿನೈಲಿನ ವಾಸನೆ, ಎಲ್ಲ ಅವನ ಕಣ್ಣೆದುರಿಗೆ ಬಂತು. ಬಾಯಿಗೆ ಬಂದ ಒಂದು ಸಾಲು ಹೇಳಿದ್ದ. ಹೇಳಿದವನು ಮರೆತ. ಕೈ ಹಿಡಿದು ನಿಂತಿದ್ದ ಮಗು ಮರೆಯಲಿಲ್ಲ, ಅಜ್ಜಿಯೂ ಮರೆಯಲಿಲ್ಲ.

ಡಬ್ಬಿ ಹೂತುಬಿಟ್ಟರೆ ಮುಗಿಯಿತು. ಅವನು ಒಳ್ಳೆಯ ಅಳಿಯನಾಗಿ, ಬೈಯದ ಅಪ್ಪನಾಗಿ ಉಳಿಯುತ್ತಿದ್ದ. ಈ ಯೋಚನೆ ಅವನಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು, ಒಂದು ಉಸಿರಿನಷ್ಟು ಹೊತ್ತು ಕೂತೂ ಇತ್ತು.

"ನೀನು ಕೇಳ್ಲಿಲ್ಲ ರೆಟಾ. ಇನ್ನೊಂದ್ಸಲ ಅಂದಿದ್ದು ನಾನು."

ಅವಳು ಮೆಲ್ಲಗೆ ನಕ್ಕಳು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ನೀನು ಯಾವಾಗ್ಲೂ ಹೀಗೇ."

ಅವನ ಒಳ್ಳೆಯತನವೇ ಅವನ ಮಾತನ್ನು ನಂಬಲಾಗದಂತೆ ಮಾಡಿತ್ತು. ಆರ್ವಿಲ್ ಎದ್ದು ಡಬ್ಬಿಯ ಮಣ್ಣು ಒರೆಸಿ, ಮಗಳ ಮೊಣಕೈ ಹಿಡಿದು ಚರ್ಚಿನೊಳಗೆ ನಡೆದ. ಹಾಸಿಗೆ ಹಿಡಿದವರ ಮನೆಗೆ ಕಳಿಸಲು ಪಾದ್ರಿಯ ಉಪದೇಶ ತುಂಬಿಕೊಳ್ಳುವ ಟೇಪಿನ ಯಂತ್ರವೊಂದು ಅಲ್ಲಿ ವೇದಿಕೆಯ ಪಕ್ಕದಲ್ಲಿತ್ತು. ಒಳಗೆ ಯಾರೂ ಇರಲಿಲ್ಲ. ಕಿಟಕಿಯಿಂದ ತಟ್ಟೆ ಚಮಚದ ಸದ್ದು ಬರುತ್ತಿತ್ತು. ಅವನು ಟೇಪನ್ನು ಸುರುಳಿಗೆ ಸುತ್ತಿ ಗುಂಡಿ ಒತ್ತಿದ.

ಹಾಡು ಬಂತು, ಬಿಕ್ಕು ಬಂತು. ಯೂನಿಸಳ ದನಿ, ಡಬ್ಬನ ದನಿ. "ಇನ್ನೊಂದೇ ಒಂದು ಸಲ. ದೀಪ ಹಾಕು." ರೆಟಾ ಅಪ್ಪನ ಮುಖ ನೋಡಲಿಲ್ಲ. ತಿರುಗುವ ಸುರುಳಿಯನ್ನೇ ನೋಡುತ್ತಿದ್ದಳು. ಎರಡನೇ ಸಲದ ಹಾಡು ಶುರುವಾಯಿತು. ಆರ್ವಿಲ್ ಈ ಸಲ ಆರಿಸಲಿಲ್ಲ. ಮೂರನೇ ಚರಣ ಜಾರಿಹೋಯಿತು. ಮುಂದೆ ಏನಿದೆ ಅಂತ ಅವನಿಗೂ ಗೊತ್ತಿರಲಿಲ್ಲ. ಮಗು ಎಲ್ಲಾದರೂ ಒಂದು ಕಡೆ ಹಠ ಮಾಡಿರಲಿ ದೇವರೇ ಅಂತ ಒಂದು ಮೂಲೆಯಲ್ಲಿ ಆಸೆಪಟ್ಟ. ಆಸೆಪಟ್ಟದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಗಿಟಾರು ನಿಂತಿತು. ಟೇಪಿನಲ್ಲಿ ಅವನ ದನಿ, "ಈಗ ಸರಿಯಾಯ್ತು ನೋಡು ಡಬ್," ಅಂದಿತು, ಖುಷಿಯಾಗಿ.

ಆಮೇಲೆ ದೂರದಿಂದ, ಕೋಣೆಯ ಮೂಲೆಯಿಂದ, ಒಂದು ಪುಟ್ಟ ದನಿ.

"ಅಪ್ಪಾ, ಈಗ್ಲಾದ್ರೂ ಹೋಗೋಣ್ವಾ? ಅಮ್ಮ ಕರೀತಿದ್ದಾಳಂತೆ."

ಟೇಪು ಮುಗಿದು ಸುರುಳಿಯ ತುದಿ ಪಟಪಟ ಬಡಿಯತೊಡಗಿತು. ರೆಟಾ ಎದ್ದು ತಾನೇ ಅದನ್ನು ಹಿಂದಕ್ಕೆ ಸುತ್ತಿ, ಕೊನೆಯ ಆ ಒಂದು ಸಾಲನ್ನು ಮತ್ತೆ ಕೇಳಿದಳು. ಇನ್ನೊಂದು ಸಲ ಕೇಳಿದಳು. ಅವಳು ಅಳಲಿಲ್ಲ. ಕಳೆದುಹೋದ ವಸ್ತು ತನ್ನ ಚೀಲದಲ್ಲೇ ಸಿಕ್ಕವಳಂತೆ ನೋಡುತ್ತಿದ್ದಳು.

"ನಾನು ಕೇಳಿದ್ದೆ," ಅಂದಳು. "ಹೋಗೋಣ್ವಾ ಅಂತ ಕೇಳಿದ್ದೆ."

"ಹೌದು ಪುಟ್ಟಿ."

"ಪುಟ್ಟಿ ಅನ್ಬೇಡ ಈಗ." ದನಿ ಮೊದಲ ಸಲ ಗಡುಸಾಯಿತು. "ನನಗೆ ನಿನ್ನ ಏನು ಅನ್ಬೇಕೋ ಗೊತ್ತಾಗ್ತಿಲ್ಲ. ನಾಳೆ ಗೊತ್ತಾಗುತ್ತೋ ಏನೋ. ಅಜ್ಜಿಗೆ ನಾನು ಹೇಳೋದಿಲ್ಲ. ನೀನೇ ಹೇಳ್ಬೇಕು, ನಿನ್ ಬಾಯಿಂದ."

ಚರ್ಚಿನ ಬಾಗಿಲಿನಿಂದ ಊಟ ನಡೆದಿದ್ದ ಓಕ್ ಮರದವರೆಗೆ ನಲವತ್ತು ಹೆಜ್ಜೆ ಇರಬಹುದು. ಆರ್ವಿಲ್ ನಡೆದ. ಹಲಗೆಯ ಮೇಲೆ ಕರಿದ ಕೋಳಿ, ಬೇಯಿಸಿದ ಅವರೆಕಾಳು, ಮೆಕ್ಕೆಜೋಳದ ರೊಟ್ಟಿ. ಸೋದರ ಸಂಬಂಧಿಯೊಬ್ಬ, "ಬಂದ ನೋಡಪ್ಪ ಹಾಡುಗಾರ," ಅಂತ ರೇಗಿಸಿದ. ಆಸೀ ಬಟ್ಟೆ ಮುಚ್ಚಿದ ತಟ್ಟೆ ತಂದು ಅವನ ಕೈಗೆ ಕೊಡಲು ಹೋದಳು.

"ಅತ್ತೆ, ಕೂತ್ಕೊಳ್ಳಿ. ಒಂದು ಮಾತಿದೆ."

"ತಿಂದ್ಕೊಂಡು ಹೇಳು, ತಣ್ಣಗಾಗುತ್ತೆ."

"ಆವತ್ತು ಮಗು ಹಠ ಮಾಡ್ಲಿಲ್ಲ ಅತ್ತೆ. ಮೊಜೆಲ್ ಹೋದ ದಿನ. ನಾನು ನಿಮಗೆ ಸುಳ್ಳು ಹೇಳಿದೆ. ಫೋನು ಬಂದಿದೆ ಅಂತ ಗೊತ್ತಾದ್ಮೇಲೆ ನಾನೇ ಇನ್ನೊಂದ್ಸಲ ಹಾಡ್ದೆ. ರೆಟಾ ಹೋಗೋಣ ಅಂತಾನೇ ಕೇಳಿದ್ಲು."

ಆಸೀ ತಟ್ಟೆಯನ್ನು ಹಲಗೆಯ ಮೇಲೆ ಇಟ್ಟಳು. ಅವನಿಗೆ ಒಂದೇಟು ಹೊಡೆಯುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಹೊಡೆದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಅವಳು ಅವನನ್ನು ನೋಡಲೇ ಇಲ್ಲ. ಬೆಂಚು ಹಲಗೆಗಳ ಆಸರೆ ಹಿಡಿಯುತ್ತಾ, ನೆಂಟರನ್ನು ಸರಿಸುತ್ತಾ, ಚರ್ಚಿನ ಮೆಟ್ಟಿಲ ಹತ್ತಿರ ನಿಂತಿದ್ದ ಮೊಮ್ಮಗಳ ಕಡೆಗೆ ಹೋದಳು.

"ಹದಿನಾಲ್ಕು ವರ್ಷ," ಅಂದಳು ದಾರಿಯುದ್ದಕ್ಕೂ, ಯಾರಿಗೋ ಹೇಳುವವಳಂತೆ. "ಹದಿನಾಲ್ಕು ವರ್ಷ ನಾನು ಈ ಮಗೂನ ಒಂದ್ಸಲಾನೂ ಹತ್ರ ಕರೀಲಿಲ್ಲ. ಒಂದ್ಸಲಾನೂ."

ಮುದುಕಿ ಎರಡೂ ಕೈಯಿಂದ ರೆಟಾಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಹಾಗೆ ಯಾರಾದರೂ ಅಪ್ಪಿಕೊಂಡಾಗ ತನ್ನ ಕೈಗಳನ್ನು ಎಲ್ಲಿ ಇಡಬೇಕು ಅಂತ ಹುಡುಗಿಗೆ ಗೊತ್ತಿರಲಿಲ್ಲ. ಅವು ಎರಡೂ ಬದಿಗೆ ಜೋತುಬಿದ್ದು ಹಾಗೇ ಇದ್ದವು, ಆರ್ವಿಲ್ ನಿಂತಲ್ಲಿಂದ ಅದನ್ನು ನೋಡುತ್ತಿದ್ದ.